ಬಂದರಿನಲ್ಲೊಂದು ಬೋಂಜೂರ್

೧೯೩೪ರ ಮೇ ತಿಂಗಳು. ಮಂಗಳೂರು ಬಂದರಿನ ಶಿಪ್ಪಿಂಗ್ ಏಜೆನ್ಸಿಯೊಂದರಲ್ಲಿ ನಾನು ರೈಟರ್, ಅಂದರೆ ಗುಮಾಸ್ತ. ಜೆಪ್ಪುವಿನ ಕಾರ್ಖಾನೆಗಳ ಹಂಚು ಒಯ್ಯಲು ಫ್ರೆಂಚ್ ಸ್ಟೀಮರೊಂದು ಬಂದು ಹೊರಗಡಲಲ್ಲಿ ಲಂಗರು ಹಾಕಿತ್ತು. ದಡದ ಕಟ್ಟೆಯಾದ ದಕ್ಕೆಯಿಂದ ಅಲ್ಲಿಗೆ ಸರಕು ಸಾಗಿಸುವುದು ಮಂಜಿ ಎಂಬ ಹಾಯಿದೋಣಿಗಳು. ಮಳೆ ಹಿಡಿದರೆ ಬಂದರು ಬಂದ್. ಈ ಹಡಗು ಕೈತಪ್ಪಿದರೆ ಮಂಜಿಯವರ ಮಳೆಗಾಲದ ಅನ್ನಕ್ಕೆ ಕಲ್ಲು ಬಿದ್ದಂತೆಯೇ.

ಹಂಚು ನೋಡಲು ದಡಕ್ಕಿಳಿದ ಕ್ಯಾಪ್ಟನ್ ಟೊಪ್ಪಿ ತೆಗೆದು, ಸಾಲಾಗಿ ನಿಂತ ಮಂಜಿಯವರಿಗೆಲ್ಲ "ಬೋಂಜೂರ್" ಎಂದು ನಮಸ್ಕರಿಸಿದ. ಎಲ್ಲರೂ ತಲೆ ತಗ್ಗಿಸಿದರು, ಒಬ್ಬರೂ ತುಟಿ ಬಿಚ್ಚಲಿಲ್ಲ. ನಮ್ಮ ಮ್ಯಾನೇಜರರೋ, ಸೀದಾ ಇಂಗ್ಲಿಷಿನಲ್ಲಿ ಲೋಡಿಂಗ್ ವಿಷಯಕ್ಕೇ ಇಳಿದರು. ಕ್ಯಾಪ್ಟನ್ ಮುಖ ಕೆಂಪಾಯಿತು. "ಮಾತಾಡಿಸಿದರೆ ಮಾತಾಡದವರ ಸರಕು ನನಗೆ ಬೇಡ. ಕೊಚ್ಚಿಯಲ್ಲಿ ತುಂಬಿಸಿಕೊಳ್ಳುತ್ತೇನೆ" ಎಂದು ಫ್ರೆಂಚಿನಲ್ಲಿ ಗುಡುಗಿ ತಿರುಗಿ ನಡೆದ.

ಅರ್ಥವಾದದ್ದು ನನಗೊಬ್ಬನಿಗೆ. ನಾನು ಬೆಳೆದದ್ದು ಫ್ರೆಂಚರ ಆಳ್ವಿಕೆಯ ಮಾಹೆ ಪಟ್ಟಣದಲ್ಲಿ, ಸೋದರಮಾವನ ಅಂಗಡಿಯಲ್ಲಿ. ಅಲ್ಲಿ ಮರುನಮಸ್ಕಾರ ಹೇಳದವನಿಗೆ ಉಪ್ಪೂ ಸಿಗದು. ಮ್ಯಾನೇಜರರನ್ನು ದಾಟಿ ಓಡಿ "ಬೋಂಜೂರ್, ಮಸ್ಯೋ", ನಮಸ್ಕಾರ ಸ್ವಾಮಿ, ಎಂದೆ. ಆತ ನಿಂತ. "ಕೊಮಾಂ ತಾಲೆ ವೂ?" ಹೇಗಿದ್ದೀರಿ ಎಂದು ಕೇಳಿದ. "ತ್ರೆ ಬಿಯಾಂ, ಮೆರ್ಸಿ. ಎ ವೂ?" ಚೆನ್ನಾಗಿದ್ದೇನೆ, ಧನ್ಯವಾದ, ತಾವು? ಎಂದೆ. ದೊಡ್ಡವರ ಮುಂದೆ ಸುಮ್ಮನಿರುವುದೇ ನಮ್ಮಲ್ಲಿ ಮರ್ಯಾದೆ ಎಂದೂ ವಿವರಿಸಿದೆ.

"ನಾಳೆ ಹಡಗಿನ ಬಳಿ ಆ ದೋಣಿಯವರೇ ಹೇಳಲಿ, ಆಗ ನೋಡೋಣ" ಎಂದ.

ಸಂಜೆ ದಕ್ಕೆಯಲ್ಲೇ ಪಾಠ. ಮಂಜಿಯ ಮುಖ್ಯಸ್ಥರಾದ ತಾಂಡೇಲ ಸೋಮಪ್ಪನವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಎಂತ ರೈಟ್ರೆ, ಅಷ್ಟು ದೊಡ್ಡ ಜನಕ್ಕೆ ನಾವು ಎದುರು ಮಾತಾಡುವುದಾ?"

"ಮನೆಗೆ ಬಂದವರಿಗೆ ನೀವು ನೀರು-ಬೆಲ್ಲ ಕೊಡುದಿಲ್ವಾ ತಾಂಡೇಲರೇ? ಅವರಿಗೆ ಈ ಮಾತೇ ನೀರು-ಬೆಲ್ಲ."

"ಹಾಗಾದ್ರೆ ಹೇಳಿಕೊಡಿ ಮಾರಾಯ್ರೆ."

ಮರುದಿನ ಮಧ್ಯಾಹ್ನ ಹಂಚಿನ ಜೊತೆ ನನ್ನನ್ನೂ ಹೊತ್ತ ಮಂಜಿ ಹಡಗಿನ ಬದಿ ಸೇರಿತು. ಮೇಲಿನಿಂದ ಕ್ಯಾಪ್ಟನ್ "ಬೋಂಜೂರ್! ಕೊಮಾಂ ತಾಲೆ ವೂ?" ಎಂದ. ಸೋಮಪ್ಪನವರು ತಲೆ ಎತ್ತಿದರು. ಗಾಳಿಗೆದುರು ಕೂಗುವ ದನಿಯಲ್ಲಿ "ಬೋಂಜೂರ್, ಮಸ್ಯೋ! ತ್ರೆ ಬಿಯಾಂ, ಮೆರ್ಸಿ! ಎ ವೂ?" ಎಂದವರು, ಅಷ್ಟಕ್ಕೇ ತೃಪ್ತಿಯಾಗದೆ ತುಳುವಿನಲ್ಲಿ "ಒಣಸ್ ಆಂಡಾ?" ಎಂದೂ ಸೇರಿಸಿದರು. ಊಟವಾಯಿತೇ ಎಂದು ಕೇಳುತ್ತಿದ್ದಾರೆ ಅಂದೆ. ಕ್ಯಾಪ್ಟನ್ ಗಹಗಹಿಸಿ ನಕ್ಕು, ಸರಕೆತ್ತುವ ಡೆರಿಕ್ ಇಳಿಸಲು ಕೈಬೀಸಿದ.

ಮರ್ಯಾದೆ ಮನಸ್ಸಿನಲ್ಲಿದ್ದರೆ ಸಾಲದು, ಎದುರಿನವರ ಕಿವಿಗೂ ತಲುಪಬೇಕು. ಬಂದರಿನ ನೌಕರಿ ನನಗೆ ಕಲಿಸಿದ್ದು ಇದನ್ನೇ. ಮುಂದೆ ಹೆಡ್ ಕ್ಲಾರ್ಕ್ ಆದೆ, ಶಾಲು ಹೊದೆಸಿಕೊಂಡು ನಿವೃತ್ತನೂ ಆದೆ. ಆದರೂ ನನ್ನ ದೊಡ್ಡ ಹೆಮ್ಮೆ ಆ ಹಡಗಿನದ್ದೇ. ಕೊನೆಯ ಹಂಚು ಮೇಲೇರಿದ ಮೇಲೆ ಕ್ಯಾಪ್ಟನ್ ಹಡಗಿನ ಅಂಚಿನ ಕಟಕಟೆಗೆ ಬಂದು, ಟೊಪ್ಪಿ ತೆಗೆದು, ಸೋಮಪ್ಪನವರಿಗೆ ತಲೆಬಾಗಿದ.