ತವರಿನ ತೊಟ್ಟಿಲು

ಕಲಘಟಗಿಯ ತೊಟ್ಟಿಲುಗಾರ ಮಾನಪ್ಪನು ಮೂವತ್ತು ವರ್ಷ ಅರಮನೆಯ ಕೆಲಸಕ್ಕೆ ಹಿತ್ತಲ ಬಾಗಿಲಿನಿಂದಲೇ ಹೋದವನು. ಎರಡು ವರ್ಷಗಳ ಹಿಂದೆ ಆ ಅರಸುಮನೆತನದ ಕಿರಿಯ ಕುವರನು ಅವನ ಮಗಳು ಮಹಾನಂದೆಯ ಕೈಹಿಡಿದನು. ಕುವರನ ತಾಯಿ ರಾಣಿಸಾಹೇಬರು ಮದುವೆಗೂ ಬರಲಿಲ್ಲ. ಮಾನಪ್ಪನನ್ನು ಬೀಗನೆಂದು ಒಮ್ಮೆಯೂ ಕರೆಯಲಿಲ್ಲ. ಇಂದು ಮೊಮ್ಮಗನ ನಾಮಕರಣ.

"ಅಪ್ಪಾ, ತವರಿನ ತೊಟ್ಟಿಲಾ ಮುಂದಿನ ಬಾಗಲಾಗಿಂದನ ಬರಬೇಕ ನೋಡು. ಇಲ್ಲಂದ್ರ ಜನ್ಮಾ ಪೂರ್ತಿ ನಾ ಇಲ್ಲೆ ಬಡಿಗ್ಯಾನ ಮಗಳ," ಎಂದು ಮಹಾನಂದೆ ಫೋನಿನಲ್ಲಿ ಹೇಳಿದ್ದಳು.

ಆದರೂ, ಅರಗಿನ ಬಣ್ಣ ಮಿರುಗುವ ತೊಟ್ಟಿಲನ್ನು ತಲೆಯ ಮೇಲೆ ಹೊತ್ತ ಮಾನಪ್ಪನ ಕಾಲುಗಳು ಅಭ್ಯಾಸಬಲದಿಂದ ಹಿತ್ತಲಿಗೇ ನಡೆದವು.

"ಬಂದ್ಯಾ ಮಾನ್ಯಾ? ಅಲ್ಲೇ ಇಳಿಸಿ ಹೋಗಲೇ," ಎಂದನು ಅರಮನೆಯ ಕಾರಭಾರಿ.

ಮಾನಪ್ಪನು ತಟ್ಟನೆ ನಿಂತನು. ಇಲ್ಲಿ ಇಳಿಸಿದರೆ ಮಗಳು ಈ ಮನೆಗೆ ಎಂದಿಗೂ ಸೊಸೆಯಾಗಲಾರಳು. ಕುಲದೈವ ಮೌನೇಶನನ್ನು ನೆನೆದು ಹೇಳಿದನು: "ಕಾಲ ಹಾದಿ ತಪ್ಪಿದ್ವು ನೋಡ್ರಿ. ಬೀಗರು ಹಿತ್ತಲಾಗ ಬರೂದಿಲ್ಲ."

"ಏ, ಎಲ್ಲಿಗೆ ಹೊಂಟಿ?" ಎಂದು ಕಾರಭಾರಿ ಗದರಿದರೂ ಅವನು ಹೊರಳಿ ನೋಡಲಿಲ್ಲ. ಗೋಡೆಯನ್ನು ಸುತ್ತಿ ಮುಂಬಾಗಿಲಿಗೆ ಬಂದನು.

ಹೊಸ್ತಿಲಲ್ಲಿ ರಾಣಿಸಾಹೇಬರೇ ನಿಂತಿದ್ದರು. ಭಾರಕ್ಕೆ ಮಾನಪ್ಪನ ಕತ್ತು ನೋಯುತ್ತಿತ್ತು. ಆದರೂ ತೊಟ್ಟಿಲನ್ನು ಇಳಿಸಲಿಲ್ಲ, ಹಿಂದೆ ಸರಿಯಲೂ ಇಲ್ಲ. ಅವರು ಬಹಳ ಹೊತ್ತು ಅವನನ್ನೇ ದಿಟ್ಟಿಸಿದರು. ಕಡೆಗೆ ಒಳಕ್ಕೆ ಮುಖ ತಿರುಗಿಸಿ ಕೂಗಿದರು:

"ಮಹಾನಂದಾ, ಬೀಗರ ಕಾಲಿಗೆ ನೀರ ತಾ. ಎಷ್ಟೊತ್ತ ಅಂತ ಹೊತ್ಕೊಂಡ ನಿಂದ್ರತಾರ ಅವರು?"