ಷಡ್ಡಕನ ಊದ್ ಅತ್ತರಿಗೆ ನಾನು ಕಟ್ಟಿದ ಬೆಲೆ

ನನ್ನ ಷಡ್ಡಕನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮನುಷ್ಯ ಒಳ್ಳೆಯವನು, ಅದೇ ತೊಂದರೆ. ನನ್ನ ಹೆಂಡತಿಯ ತಂಗಿಯ ಗಂಡ. ಔರಾದಿನ ಕಡೆಯ ಒಬ್ಬ ಜಾಗೀರದಾರರಲ್ಲಿ ಕಾರಕೂನ. ಭಾಲ್ಕಿಯ ಮಾವನ ಮನೆಗೆ ನಾನು ಹೋದರೆ ಮಜ್ಜಿಗೆ ಬರುತ್ತಿತ್ತು, ಅವನು ಬಂದರೆ ಒಲೆಯ ಮೇಲೆ ಹೋಳಿಗೆಯ ಹಂಚು ಏರುತ್ತಿತ್ತು. ನಾನು ಹಿರಿಯ ಅಳಿಯ. ಇದನ್ನು ನಾನೇ ಆಗಾಗ ನೆನಪಿಸಬೇಕಾಗುತ್ತಿತ್ತು.

ನನ್ನಲ್ಲಿ ಇದ್ದದ್ದು ಒಂದೇ, ಮೂಗು. ಬೀದರಿನಲ್ಲಿ ಒಬ್ಬ ಮುದುಕ ಸಾಹೇಬರ ಅತ್ತರಿನ ಅಂಗಡಿಯಲ್ಲಿ ಹದಿನೈದು ವರ್ಷದಿಂದ ಇದ್ದೆ. ಹಿನಾ ಇರಲಿ, ಕೇವಡಾ ಇರಲಿ, ಸೀಸೆಯ ಬಿರಡೆ ತೆಗೆದರೆ ಅಸಲು ಎಷ್ಟು, ಬೆರಕೆ ಎಷ್ಟು ಎಂದು ಹೇಳಿಬಿಡುತ್ತಿದ್ದೆ. ಪಗಾರ ಸಣ್ಣದು. ಆದರೆ ವಾಸನೆಯ ವಿಷಯದಲ್ಲಿ ನನ್ನ ಮಾತಿಗೆ ಮನೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ.

ಒಂದು ದೀಪಾವಳಿಗೆ ಮಾವ ಇಬ್ಬರೂ ಅಳಿಯಂದಿರನ್ನು ಭಾಲ್ಕಿಗೆ ಕರೆದಿದ್ದರು. ಊಟವಾಗಿ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದಾಗ ಷಡ್ಡಕ ಶೇರವಾನಿಯ ಜೇಬಿನಿಂದ ಹತ್ತಿಯಲ್ಲಿ ಸುತ್ತಿದ ಸಣ್ಣ ಸೀಸೆ ತೆಗೆದ.

"ಜಾಗೀರದಾರ ಸಾಹೇಬ್ರು ಖುಶ್ ಆಗಿ ಕೊಟ್ಟಾರ್ರಿ. ಅವರೇ ಹಚ್ಕೊಳ್ಳೋ ಅತ್ತರಂತ. ಇದರ ಕಿಮ್ಮತ್ತು ನನಗೇನು ತಿಳೀತದ? ಅಣ್ಣಾರ ಹೇಳ್ಬೇಕು."

ಮಣಿಕಟ್ಟಿಗೆ ಒಂದು ಹನಿ ಮುಟ್ಟಿಸಿಕೊಂಡೆ. ಮೂಗಿಗೆ ತಂದ ಕ್ಷಣವೇ ಗೊತ್ತಾಯಿತು. ಊದ್. ಅಗರು ಮರದಿಂದ ಇಳಿಸಿ, ಶ್ರೀಗಂಧದ ಎಣ್ಣೆಯಲ್ಲಿ ವರ್ಷಗಟ್ಟಲೆ ಕೂತು ಹಣ್ಣಾದ ಊದ್. ಇದಕ್ಕಿಂತ ಕಡಿಮೆ ದರ್ಜೆಯದು ನಮ್ಮ ಅಂಗಡಿಯಲ್ಲಿ ಹೆಬ್ಬೆರಳಿನಷ್ಟು ಸೀಸೆಯಲ್ಲಿತ್ತು, ಅದನ್ನಿಟ್ಟ ಪೆಟ್ಟಿಗೆಯ ಕೀಲಿ ಮುದುಕ ಸಾಹೇಬರ ಸೊಂಟದಲ್ಲಿ. ಈ ಮಾಲು ಒಂದು ತೊಲ ಕೊಳ್ಳಬೇಕೆಂದರೆ ನಾನು ಆರು ತಿಂಗಳು ಉಪವಾಸ ದುಡಿಯಬೇಕು.

ಅಸಲಿ ಊದಿನ ಗುಣ ಹೇಳುತ್ತೇನೆ. ಮೊದಲ ವಾಸನೆ ಚೆನ್ನಾಗಿರುವುದಿಲ್ಲ. ಹಸಿ ತೊಗಲು, ಕೊಟ್ಟಿಗೆ, ಹಾಗೆ ಏನೋ. ಮೈಯ ಬಿಸಿ ತಾಗಿ ತಾಸು ಹೊತ್ತು ಕಳೆದ ಮೇಲೆ ಅದು ತನ್ನ ಮುಖ ತೋರಿಸುತ್ತದೆ. ಬಲ್ಲವನು ಅಲ್ಲಿಯವರೆಗೆ ಬಾಯಿ ಬಿಡುವುದಿಲ್ಲ.

ಮಾವ ನನ್ನ ಕೈ ಎಳೆದು ಮೂಸಿದರು. "ಇದೇನ್ರಿ ಅಳಿಯಂದ್ರ, ಎಮ್ಮಿ ಕೊಟ್ಟಗಿ ನಾತ ಬರ್ಲತದ?"

ನನ್ನ ಹೆಂಡತಿ ಒಳಗಿನಿಂದಲೇ ಅಂದಳು, "ಹಂಗಾದ್ರ ಚಲೋನೇ ಆಯ್ತು. ಇದು ಹಚ್ಕೊಂಡು ಕುಂತ್ರ ಎಮ್ಮಿ ತಾನ ಬಂದು ಹಾಲು ಕೊಡ್ತದ."

ಎಲ್ಲರೂ ನಕ್ಕರು. ಷಡ್ಡಕನೂ ನಕ್ಕ. ತಾಸು ಕಾಯಿರಿ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಎದ್ದು ಬಚ್ಚಲಿಗೆ ಹೋಗಿ, ಅತ್ತರು ಬಿಸಿಯಾಗುವ ಮೊದಲೇ ಸೀಗೆಪುಡಿ ಹಚ್ಚಿ ಕೈ ತಿಕ್ಕಿ ತೊಳೆದು ಬಂದೆ.

"ಕೆಟ್ಟ ಎಣ್ಣಿ ಕಲಸ್ಯಾರ ತಮ್ಮಾ. ಎಂಟಾಣೆ ಕೊಟ್ರ ಜಾಸ್ತಿ ಆಯ್ತು."

ಅವನ ಮುಖ ಸಣ್ಣದಾಯಿತು. ಅದನ್ನು ನೋಡಿ ನನಗೆ ಹಿತವಾಯಿತು ಎಂಬುದನ್ನೂ ಬರೆದುಬಿಡುತ್ತೇನೆ.

"ದೊಡ್ಡೋರು ಕೊಟ್ಟಾರಂತ ಊರೆಲ್ಲ ಬಡಾಯಿ ಕೊಚ್ಚಿದ್ನಿ ನೋಡ್ರಿ," ಅಂದ. ಬೆರಳಿಗೆ ಹತ್ತಿದ್ದನ್ನು ಹೆಗಲ ಮೇಲಿದ್ದ ಶಾಲಿನ ಸೆರಗಿಗೆ ಒರೆಸಿ, ಸೀಸೆಯನ್ನು ನನ್ನ ಕಡೆ ಸರಿಸಿದ. "ನೀವೇ ಒಯ್ರಿ ಅಣ್ಣಾರ. ನಿಮ್ಮ ಅಂಗಡ್ಯಾಗ ಏನಕ್ಕರ ಬರ್ತದ."

ಒಯ್ದೆ. ಬೀದರಿನವರೆಗೂ ಗಾಡಿಯಲ್ಲಿ ಜೇಬಿನಿಂದ ಕೈ ತೆಗೆಯಲಿಲ್ಲ. ಮುಂದಿನ ಫಜೀತಿ ಆಮೇಲೆ ತಿಳಿಯಿತು. ಬಂಗಾರವಾದರೆ ಹೂತಿಡಬಹುದು, ಅತ್ತರು ಹಚ್ಚಿಕೊಂಡರಷ್ಟೇ ಅತ್ತರು, ಹಚ್ಚಿಕೊಂಡರೆ ಓಣಿಗೆಲ್ಲ ಗೊತ್ತು. ಮೊದಲು ಹೆಂಡತಿಗೆ ಗೊತ್ತು. ಅಂಗಡಿಯಲ್ಲಿ ಲೋಬಾನದ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಸಾಹೇಬರು ನಮಾಜಿಗೆ ಹೋದಾಗ ಬಿರಡೆ ತೆಗೆದು ಮೂಸಿ ಮತ್ತೆ ಮುಚ್ಚುತ್ತಿದ್ದೆ. ಅಷ್ಟೇ ನನ್ನ ಸುಖ.

ಚಳಿ ಜೋರಾದ ಮೇಲೆ ಒಂದು ದಿನ ಷಡ್ಡಕ ಅಂಗಡಿಗೇ ಬಂದ, ಅದೇ ಶಾಲು ಹೊದ್ದು.

"ಅಣ್ಣಾರ, ಆ ಎಂಟಾಣೆ ಅತ್ತರ ಇದ್ರ ಒಂದೀಟು ಕೊಡ್ರಿ. ಶಾಲು ಎರಡು ಸಲ ಒಗದ್ರೂ ವಾಸನಿ ಹೋಗಿಲ್ಲ. ದಿನಾ ಚಂದ ಆಗ್ಲತದ. ನಮ್ಮಾಕಿ ಈ ಶಾಲು ಬಿಟ್ಟು ಬ್ಯಾರೆ ಹೊದಿಲಿಕ್ಕ ಬಿಡವಲ್ಲಳು. ಹಲ್ಕಾ ಮಾಲು ಇದ್ರ ಇರ್ಲಿ, ರೊಕ್ಕ ಕೊಡ್ತೇನಿ."

ಸಾಹೇಬರು ತಕ್ಕಡಿ ಕೆಳಗಿಟ್ಟರು. ಶಾಲಿನ ಸೆರಗು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ.

"ಹಲ್ಕಾ ಅಂತ ಯಾರು ಅಂದ್ರು ನಿಮಗ? ಎರಡು ಸಲ ಒಗದ್ರೂ ನಿಂತದ ಅಂದ್ರ ಅಸಲಿ ಊದ್. ನನ್ನ ದುಕಾನ ಮಾರಿದ್ರ ಇಂಥಾದ್ದು ಎರಡು ಸೀಸೆ ಬರ್ತಾವ."

ಷಡ್ಡಕ ನನ್ನ ಕಡೆ ನೋಡಿದ. ಸಿಟ್ಟಿರಲಿಲ್ಲ, ಅದೇ ಕಷ್ಟ. "ಅವತ್ತು ಅಣ್ಣಾರಿಗಿ ನೆಗಡಿ ಇತ್ತು ಕಾಣ್ತದ," ಅಂದ.

ನನಗೆ ತಪ್ಪಿಸಿಕೊಳ್ಳಲು ಅವನೇ ಬಾಗಿಲು ತೆರೆದು ಕೊಟ್ಟಿದ್ದ. ಹೂಂ ಅಂದರೆ ಸಾಕಿತ್ತು. ಆದರೆ ಸಾಹೇಬರೂ ನನ್ನನ್ನೇ ನೋಡುತ್ತಿದ್ದರು. ಅವತ್ತು ಮೂಗು ಕೆಟ್ಟಿತ್ತು ಎಂದರೆ ನನ್ನಲ್ಲಿದ್ದ ಒಂದೇ ಆಸ್ತಿಗೂ ಕಲೆ ಹತ್ತುತ್ತದೆ. ಮೂಗನ್ನು ಉಳಿಸಿಕೊಳ್ಳಬೇಕಾದರೆ ಮಾನ ಬಿಡಬೇಕು. ಡಬ್ಬಿಯ ಹಿಂದಿನಿಂದ ಸೀಸೆ ತಂದು ಅವನ ಮುಂದಿಟ್ಟೆ.

"ನೆಗಡಿ ಇರಲಿಲ್ಲ ತಮ್ಮಾ. ಹೊಟ್ಟಿಕಿಚ್ಚಿತ್ತು."

ಸಾಹೇಬರು ತಕ್ಕಡಿ ಒರೆಸತೊಡಗಿದರು. ಷಡ್ಡಕ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ. ಅವನು ಕೊಟ್ಟ ಮೇಲೆ ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ಚಿಟಿಕೆ ಹತ್ತಿ ಕಿತ್ತು ಅದರಲ್ಲಿ ಅದ್ದಿ, ತಾನೇ ನನ್ನ ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿ, ಸೀಸೆ ಜೇಬಿಗೆ ಹಾಕಿಕೊಂಡು ಹೋದ.

ಸಂಜೆ ಮನೆಯ ಹೊಸ್ತಿಲಲ್ಲೇ ಹೆಂಡತಿ ಮೂಗು ಎತ್ತಿದಳು. "ಏಟು ಚಂದ ಅದರಿ. ಯಾರ್ದಿದು?"

"ನಿನ್ನ ತಂಗಿ ಗಂಡಂದು," ಅಂದೆ.

ಮೂರು ದಿನ ಆ ವಾಸನೆ ಕಿವಿಯಲ್ಲೇ ಇತ್ತು. ತೊಳೆದರೂ ಹೋಗಲಿಲ್ಲ. ಅವನು ಬಯ್ದು ಹೋಗಿದ್ದರೆ ಒಂದೇ ದಿನದಲ್ಲಿ ಮರೆಯುತ್ತಿದ್ದೆ. ಬಯ್ಯದೆ ತನ್ನ ಅತ್ತರನ್ನೇ ನನಗೆ ಹಚ್ಚಿ ಹೋಗುವುದು ಅವನಿಗೆ ಹೇಗೆ ಸಾಧ್ಯವಾಯಿತು ಎಂದು ಆ ಮೂರು ದಿನವೂ ಹೊಟ್ಟೆ ಉರಿಯಿತು.