ಪಕ್ಕದ ಮನೆಯ ಅಜ್ಜಿಯ ಸಿಟ್ಟು

ಸಿಟ್ಟು ಬಂದರೆ ಪಕ್ಕದ ಮನೆಯ ಅಜ್ಜಿಯ ಕತ್ತು ಮೊದಲು ಕೆಂಪಾಗುತ್ತಿತ್ತು, ಆಮೇಲೆ ಕಿವಿ. ಕೌನ್ಸಿಲ್‌ನವರು ಕಸ ಒಯ್ಯದಿದ್ದರೂ ಸಿಟ್ಟು, ನಾನು ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದರೂ ಸಿಟ್ಟು. ಲಂಡನ್ನಿನ ಅಂಚಿನ ಇಲ್ಫರ್ಡಿನ ನಮ್ಮ ಬೀದಿಯಲ್ಲಿ ಉಳಿದಿದ್ದ ಒಂದೇ ಯಹೂದಿ ಮನೆ ಅವರದು; ಉಳಿದವೆಲ್ಲ ನಮ್ಮಂತೆ ಬೇರೆ ದೇಶಗಳಿಂದ ಬಂದವರವು. ಪ್ರತಿ ಬೇಸಿಗೆಯಲ್ಲೂ ಹೊರದೇಶದಿಂದ ವಿನಿಮಯ ಪ್ರವಾಸಕ್ಕೆ ಬರುವ ಯಹೂದಿ ವಿದ್ಯಾರ್ಥಿಗಳನ್ನು ಮನೆಯಲ್ಲಿ ಇರಿಸಿಕೊಳ್ಳುತ್ತಿದ್ದರು. ಆ ಮಕ್ಕಳಿಗಾಗಿ ನಾನು ಅವರ ಅಡುಗೆಮನೆಯಲ್ಲಿ, ಅವರದೇ ಕಾವಲಿಯಲ್ಲಿ ನೀರ್ದೋಸೆ ಎರೆಯಬೇಕು. ಒಲೆಯನ್ನು ಮಾತ್ರ, ಯಹೂದಿಗಳ ಊಟದ ಕಟ್ಟಳೆಯಂತೆ, ಅವರೇ ಹಚ್ಚಬೇಕು. “ರೂಲು ನಂದು, ದೋಸೆ ನಿಂದು,” ಎನ್ನುತ್ತಿದ್ದರು.

ಆ ವರ್ಷ ಅರ್ಜೆಂಟೀನಾದಿಂದ ಒಬ್ಬಳು ಹುಡುಗಿ ಬಂದಳು. ಶಾಲೆಯಲ್ಲಿ ಯಾರೊಂದಿಗೂ ಬೆರೆಯದ ನನ್ನ ಮಗಳು ಅವಳ ಜೊತೆ ಹಿತ್ತಿಲ ಗೋಡೆಯ ಮೇಲೆ ಕೂತು ಬಿದ್ದು ಬಿದ್ದು ನಗುತ್ತಿದ್ದಳು. ಆ ನಗು ಕೇಳಿ ನನಗೆ ಹೊಟ್ಟೆ ತಂಪಾಗುತ್ತಿತ್ತು.

ಒಂದು ಬೆಳಿಗ್ಗೆ ಪ್ರವಾಸದ ಮೇಲ್ವಿಚಾರಕ ಬಂದ. ಹುಡುಗಿಯನ್ನು ಬೇರೆ ಮನೆಗೆ ಕಳಿಸಬೇಕಂತೆ.

“ಈ ಏರಿಯಾ ಮೊದಲಿನ ಹಾಗಿಲ್ಲ. ಸುತ್ತ ಎಲ್ಲಾ... ನಿಮಗೇ ಗೊತ್ತಲ್ಲ.”

ಹಿಟ್ಟಿನ ಕೈಯಲ್ಲಿ ನಾನು ಅಲ್ಲೇ ನಿಂತಿದ್ದೆ.

“ನನಗೆ ಗೊತ್ತಿಲ್ಲ,” ಎಂದರು ಅಜ್ಜಿ. “ಸುತ್ತ ಏನು? ಇವಳ ಮುಖ ನೋಡಿ ಹೇಳು. ನಮ್ಮಪ್ಪ ಈ ಊರಿಗೆ ಬಂದಾಗ ನಮ್ಮನ್ನೂ ಜನ ಹೀಗೇ ಅಂದಿದ್ರು. ಅದನ್ನ ನೀನು ನನ್ನ ಮನೇಲಿ ನಿಂತು ಹೇಳ್ತೀಯಾ?”

ಅವನು ಮುಖ ನೋಡಲಿಲ್ಲ. ಅಳುತ್ತಿದ್ದ ಹುಡುಗಿಯನ್ನು ಕಾರು ಹತ್ತಿಸಿದ.

“ಅಮ್ಮಾ, ವಾಟ್ ಡಿಡ್ ಐ ಡೂ?” ಎಂದಳು ಮಗಳು.

“ನೀ ಎಂತದೂ ಮಾಡ್ಲಿಲ್ಲ ಮಗಾ,” ಎಂದೆ.

ಮರುದಿನ ಅಜ್ಜಿ ಊದಿಕೊಂಡ ಮೊಣಕಾಲಿನಲ್ಲೇ ನನ್ನ ಮಗಳನ್ನು ಕರೆದುಕೊಂಡು ಟ್ಯೂಬ್ ರೈಲು ಹತ್ತಿದರು. ಹುಡುಗಿಯನ್ನು ಇರಿಸಿದ್ದ, ಲಂಡನ್ನಿನ ಆ ತುದಿಯ ಮನೆಯ ಬಾಗಿಲು ಬಡಿದು, “ಇವರಿಬ್ಬರ ಮಾತು ಮುಗಿಯೋವರೆಗೂ ನಾನು ಕದಲಲ್ಲ,” ಎಂದು ಮೆಟ್ಟಿಲ ಮೇಲೆ ಕೂತರಂತೆ. ಹುಡುಗಿ ತನ್ನ ದೇಶಕ್ಕೆ ಹೊರಡುವವರೆಗೂ ಹಾಗೆಯೇ ಹೋದರು. ಆಮೇಲೆ ಆ ಪ್ರವಾಸದವರಿಗೆ ಮನೆ ಬಾಗಿಲು ತೆರೆಯಲೇ ಇಲ್ಲ.

ಕೆಲವು ಚಳಿಗಾಲಗಳ ನಂತರ ಅಜ್ಜಿ ತೀರಿಕೊಂಡರು. ದುಃಖ ಕೇಳಲು ನೆರೆದವರ ನಡುವೆ ಅದೇ ಮೇಲ್ವಿಚಾರಕ ಎದ್ದು ನಿಂತು, “ಅವರ ಮನೆ ಎಲ್ಲರಿಗೂ ತೆರೆದಿತ್ತು,” ಎಂದ.

ನಾನೂ ಎದ್ದೆ. “ಹೌದು. ಮುಚ್ಚಿಸಿದ್ದು ನೀವು,” ಎಂದೆ.

ಅಷ್ಟು ಜನರ ಮುಂದೆ ನಾನು ಅದುವರೆಗೆ ಬಾಯಿ ಬಿಟ್ಟವಳಲ್ಲ. ಆ ಧೈರ್ಯ ಅಜ್ಜಿಯದು. ಮಗಳೂ ಅವಳ ಗೆಳತಿಯೂ ಇಂದಿಗೂ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಾರೆ. ಅವರಿಗೆ ಆ ಸಿಟ್ಟು ಆರಿದೆ. ನನಗೆ ಆರಿಲ್ಲ, ಆರುವುದೂ ಬೇಡ.